ಬಂದೂಕು ಕೆಳಗಿಟ್ಟ ಮೇಲೆ: ಮಾಜಿ ಸೈನಿಕನ ಎರಡನೆಯ ನೌಕರಿ

(ಬೆಳಂಬಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ನಿವೃತ್ತ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿಗೆ ಬರುವುದು ಅರವತ್ತರ ಗಡಿಯಲ್ಲಿರುವ ಮನುಷ್ಯನ ಚಿತ್ರ. ಶಾಲೆಯ ಮಾಸ್ತರು, ಅಂಚೆ ಕಚೇರಿಯ ಗುಮಾಸ್ತರು, ತಾಲೂಕು ಕಚೇರಿಯ ಶಿರಸ್ತೇದಾರರು ಹಾರ ತುರಾಯಿಗಳೊಂದಿಗೆ ಮನೆಗೆ ಬರುವ ಹೊತ್ತಿಗೆ ಮಕ್ಕಳ ಓದು ಮುಗಿದಿರುತ್ತದೆ, ಮಗಳ ಮದುವೆ ಆಗಿರುತ್ತದೆ, ಸಾಲ ಮಾಡಿ ಕಟ್ಟಿದ ಮನೆಯ ಕಂತು ತೀರುತ್ತ ಬಂದಿರುತ್ತದೆ. ಅವರ ಪಾಲಿಗೆ ನಿವೃತ್ತಿ ಎಂದರೆ ವಿಶ್ರಾಂತಿ.

ಸೈನಿಕನ ನಿವೃತ್ತಿ ಬೇರೆ ಬಗೆಯದು. ಹದಿನೆಂಟು ಇಪ್ಪತ್ತರ ಹರೆಯದಲ್ಲಿ ಭರ್ತಿಯಾದ ಸಿಪಾಯಿ ಹದಿನೈದರಿಂದ ಇಪ್ಪತ್ತು ವರ್ಷಗಳ ಸೇವೆ ಮುಗಿಸಿ ಊರಿಗೆ ಬರುವಾಗ ಅವನಿಗೆ ಮೂವತ್ತೈದೋ ನಲವತ್ತೋ ವಯಸ್ಸು. ಮಕ್ಕಳು ಆಗಷ್ಟೆ ಪ್ರಾಥಮಿಕ ಶಾಲೆ ದಾಟಿರುತ್ತಾರೆ. ಮನೆ ಕಟ್ಟುವುದು ಇನ್ನು ಮೇಲೆ. ತಂದೆ ತಾಯಿಯರ ಔಷಧಿಯ ಖರ್ಚು ಈಗ ಆರಂಭ. ಸಂಸಾರಕ್ಕೆ ಹಣ ಅತ್ಯಂತ ಹೆಚ್ಚು ಬೇಕಾದ ವರ್ಷದಲ್ಲೇ ಅವನ ಸಂಬಳ ನಿಂತು, ಅದರ ಅರ್ಧದಷ್ಟು ನಿವೃತ್ತಿವೇತನ ಬರತೊಡಗುತ್ತದೆ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಸೇರಿ ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ಹೀಗೆ ಸಮವಸ್ತ್ರ ಕಳಚುತ್ತಾರೆ. ಅವರಲ್ಲಿ ಬಹುಪಾಲು ಜನಕ್ಕೆ ಇನ್ನೂ ಇಪ್ಪತ್ತು ವರ್ಷ ದುಡಿಯುವ ಕಸುವು ಇರುತ್ತದೆ, ದುಡಿಯಲೇಬೇಕಾದ ಅಗತ್ಯವೂ ಇರುತ್ತದೆ.

ಸೇನೆಯಲ್ಲಿದ್ದಾಗ ಈ ಮನುಷ್ಯ ಅನೇಕ ಭಯಗಳನ್ನು ಕಂಡಿರುತ್ತಾನೆ. ಹಿಮ, ಗುಂಡು, ಕಡಲಿನ ಬಿರುಗಾಳಿ, ತಿಂಗಳುಗಟ್ಟಲೆ ಬಾರದ ರಜೆ. ಒಂದು ಭಯ ಮಾತ್ರ ಅವನಿಗೆ ಗೊತ್ತಿರುವುದಿಲ್ಲ: ‘ನಾಳೆ ಕೆಲಸ ಇರುತ್ತದೋ ಇಲ್ಲವೋ’ ಎಂಬ ಭಯ. ಬೆಳಿಗ್ಗೆ ಎದ್ದರೆ ಕೆಲಸ ಕಾದಿರುತ್ತದೆ, ಊಟ ಕಾದಿರುತ್ತದೆ, ತಿಂಗಳು ತುಂಬಿದರೆ ಸಂಬಳ ಬರುತ್ತದೆ, ಕಾಯಿಲೆಯಾದರೆ ಆಸ್ಪತ್ರೆ ಇದೆ. ಊರಿಗೆ ಬಂದ ಮೇಲೆ ಕಲಿಯಬೇಕಾಗುವ ಹೊಸ ಭಯ ಅದೇ. ಹಾಗಾಗಿ ಮಾಜಿ ಸೈನಿಕರು ಕೆಲಸದ ಮಾತೆತ್ತಿದಾಗ ‘ಸಂಬಳ ಎಷ್ಟು’ ಎಂದು ಕೇಳುವುದಕ್ಕಿಂತ ಮುಂಚೆ ‘ಪರ್ಮನೆಂಟೋ, ಗುತ್ತಿಗೆಯೋ’ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ದುರಾಸೆಯಿಲ್ಲ. ಒಂದು ದೀರ್ಘ ಇತಿಹಾಸವೇ ಇದೆ.

ಬೆಳಂಬಾರದಂಥ ಊರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಪಾರ್ಶ್ವವಾಯುವಿಗೆ ಕೊಡುವ ನಾಟಿ ಔಷಧಿಯಿಂದ ದೂರದೂರಕ್ಕೂ ಹೆಸರಾದ ಈ ಊರು, ಅಂಕೋಲೆಯ ಕಡಲಂಚಿನ ಇತರ ಊರುಗಳಂತೆ ಸಣ್ಣ ಹಿಡುವಳಿಯ ಊರು. ಹಾಲಕ್ಕಿ ಕೊಪ್ಪಗಳ ತರಕಾರಿ ಮಡಿಗಳನ್ನಾಗಲಿ, ಹೊಳೆಯಂಚಿನ ಗಜನಿ ಗದ್ದೆಗಳನ್ನಾಗಲಿ ಅಳೆಯುವುದು ಗುಂಟೆಯ ಲೆಕ್ಕದಲ್ಲಿ, ಎಕರೆಯ ಲೆಕ್ಕ ಅಪರೂಪ. ಅಣ್ಣ ತಮ್ಮಂದಿರು ಪಾಲಾದರೆ ಗುಂಟೆಯೂ ಒಡೆಯುತ್ತದೆ. ಉತ್ತರ ಕನ್ನಡ ಜಿಲ್ಲೆಯ ನೂರರಲ್ಲಿ ಎಂಬತ್ತು ಪಾಲಿನಷ್ಟು ನೆಲ ಅರಣ್ಯ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಪಾಲು ಕಾದಿರಿಸಿದ್ದಾರೆ. ಆದರೆ ಹಂಚಲು ಕಂದಾಯ ಭೂಮಿಯೇ ಇಲ್ಲದ ಜಿಲ್ಲೆಯಲ್ಲಿ ಆ ನಿಯಮ ಎಷ್ಟು ದೂರ ನಡೆದೀತು? ಬಯಲುಸೀಮೆಯ ಮಾಜಿ ಸೈನಿಕನಿಗೆ ‘ಜಮೀನು ನೋಡಿಕೊಂಡಿರುತ್ತೇನೆ’ ಎನ್ನುವ ಆಸರೆಯಾದರೂ ಇರಬಹುದು. ಈ ಕರಾವಳಿಯವನಿಗೆ ನೌಕರಿಯೇ ಜಮೀನು.

ಸೈನಿಕನಿಗೆ ಸೇವೆಯ ಆಚೆಗೂ ಬದುಕಿನ ಖಾತ್ರಿ ಕೊಡಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು ಶೌರ್ಯದ ಸ್ಮಾರಕಗಳೆಂದು ಎಲ್ಲರೂ ಬಲ್ಲರು. ಅವುಗಳಲ್ಲಿ ಹಲವು ಒಪ್ಪಂದದ ಪತ್ರಗಳೂ ಹೌದು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರಿದೆ. ನೆತ್ತರು ಕೊಟ್ಟುದಕ್ಕೆ ಪ್ರತಿಯಾಗಿ ನೆಲ. ಕ್ರಿ.ಶ. 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿ ಗಂಗರ ಎರೆಯಪ್ಪನು ತುಂಬೆಪಾಡಿಯ ಕಾಳಗದಲ್ಲಿ ಸತ್ತ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಬಿಟ್ಟುಕೊಟ್ಟ ವಿವರವಿದೆ. ಇನ್ನು ಕ್ರಿ.ಶ. 949-50ರ ಆತಕೂರಿನ ಶಾಸನವಂತೂ ಬದುಕಿ ಉಳಿದ ಯೋಧನಿಗೆ ಸಂದ ಗೌರವವನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗನು ಆತಕೂರು ಹನ್ನೆರಡನ್ನು ‘ಬಾಳ್ಗಳ್ಚು’ ಎಂದು ಕೊಟ್ಟ. ಬಾಳು ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದಿಟ್ಟು ಕೊಡುವ ಕೊಡುಗೆ ಅದು. ಕತ್ತಿ ತೊಳೆದಿಟ್ಟ ಮೇಲೂ ಯೋಧನಿಗೆ ಬದುಕಿದೆ ಎಂಬ ಅರಿವು ಆ ಒಂದು ಪದದಲ್ಲೇ ಅಡಗಿದೆ.

ಕೊಡಗಿನ ಜಮ್ಮಾ ಹಿಡುವಳಿಯೂ ಇದೇ ಬಗೆಯದು. ಅರಸನು ಕರೆದಾಗ ಆಯುಧ ಹಿಡಿದು ಬರಬೇಕೆಂಬ ಷರತ್ತಿನ ಮೇಲೆ ಮನೆತನಗಳಿಗೆ ಕಡಿಮೆ ಕಂದಾಯದ ಭೂಮಿ ದೊರೆಯುತ್ತಿತ್ತು. ಅದು ತಲೆಯಿಂದ ತಲೆಗೆ ಇಳಿದುಬರುತ್ತಿತ್ತು. ದೂರದ ರೋಮಿನಲ್ಲಿಯೂ ಸೈನಿಕರು ಇಷ್ಟು ವರ್ಷ ದುಡಿದರೆ ಭೂಮಿ ಇಲ್ಲವೆ ಇಡಿಗಂಟು ಹಣ ಎಂಬ ಕರಾರಿನ ಮೇಲೆ ಸೇರುತ್ತಿದ್ದರು. ಅದಕ್ಕಾಗಿ ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 6ರಲ್ಲಿ ಪ್ರತ್ಯೇಕ ಖಜಾನೆಯನ್ನೇ ತೆರೆದ. ಎಲ್ಲ ಕಡೆಯೂ ಮೂಲ ತತ್ವ ಒಂದೇ. ಸೈನಿಕನ ಪ್ರತಿಫಲವನ್ನು ಆಡಿ ತೋರಿಸಿದರೆ ಸಾಲದು, ಅದು ಕಾಲಡಿಗೆ ಸಿಗುವಂತಿರಬೇಕು, ಯಾರೂ ಮರುವರ್ಷ ಕಿತ್ತುಕೊಳ್ಳುವಂತಿರಬಾರದು.

ಆಧುನಿಕ ಕಾಲದಲ್ಲಿ ಭೂಮಿಯ ಜಾಗಕ್ಕೆ ಹುದ್ದೆ ಬಂತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಯುದ್ಧ ಮುಗಿದೊಡನೆ ಇವರಲ್ಲಿ ಬಹುಪಾಲು ಜನರನ್ನು ಮನೆಗೆ ಕಳುಹಿಸಬೇಕಾಯಿತು. ಕೈಯಲ್ಲಿ ಕಸುಬಿರುವ, ಪ್ರಪಂಚ ಸುತ್ತಿ ಬಂದ, ಕೆಲಸವಿಲ್ಲದ ಲಕ್ಷಾಂತರ ಯುವಕರು ಒಮ್ಮೆಲೆ ಹಳ್ಳಿಗಳಿಗೆ ಮರಳಿದರೆ ಏನಾದೀತೆಂಬ ಚಿಂತೆ ಸರ್ಕಾರಕ್ಕೆ ಹತ್ತಿತು. 1945ರ ಜುಲೈಯಲ್ಲಿ ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯ ಹುಟ್ಟಿದ್ದು ಈ ಚಿಂತೆಯಿಂದ. ಅದು ಊರೂರುಗಳಲ್ಲಿ ತೆರೆದ ಕಚೇರಿಗಳೇ ‘ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್’, ಅಂದರೆ ಉದ್ಯೋಗ ವಿನಿಮಯ ಕೇಂದ್ರಗಳು. ದೇಶ ವಿಭಜನೆಯ ಬಳಿಕ ನಿರಾಶ್ರಿತರಿಗೂ, 1948ರ ಆರಂಭದ ವೇಳೆಗೆ ಎಲ್ಲ ನಾಗರಿಕರಿಗೂ ಅವು ಬಾಗಿಲು ತೆರೆದವು. ಮಂಗಳೂರು ಮೂಲದ ಬೆನಗಲ್ ಶಿವರಾವ್ ಅವರ ಅಧ್ಯಕ್ಷತೆಯ ಸಮಿತಿ 1950ರ ದಶಕದಲ್ಲಿ ಈ ವ್ಯವಸ್ಥೆಗೆ ಶಾಶ್ವತ ರೂಪ ಸೂಚಿಸಿತು. 1956ರ ನವೆಂಬರ್ 1ರಂದು ಅದರ ದಿನನಿತ್ಯದ ಆಡಳಿತ ರಾಜ್ಯಗಳಿಗೆ ವರ್ಗವಾಯಿತು. ಮುಂದೆ ಎರಡು ಮೂರು ತಲೆಮಾರಿನ ಯುವಕರು ಹೆಸರು ನೋಂದಾಯಿಸಿ ಕಾರ್ಡು ಹಿಡಿದು ನಿಂತ ಆ ಸಾಲಿನಲ್ಲಿ ಮೊಟ್ಟಮೊದಲು ನಿಂತವನು ಮಾಜಿ ಸೈನಿಕ ಎಂಬುದು ನೆನಪಿಡತಕ್ಕ ಸಂಗತಿ.

ಅಮೆರಿಕ 1944ರಲ್ಲೇ ತನ್ನ ಸೈನಿಕರಿಗಾಗಿ ಕಾಯಿದೆ ಮಾಡಿ ಓದಿಗೆ ಹಣ, ಮನೆಗೆ ಸಾಲ, ಕೆಲಸ ಸಿಗುವವರೆಗೆ ಭತ್ಯೆ ಕೊಟ್ಟಿತು. ಅಲ್ಲಿನ ಲಕ್ಷಾಂತರ ಸೈನಿಕರು ನೇರವಾಗಿ ಕಾಲೇಜಿನ ಮೆಟ್ಟಿಲು ಹತ್ತಿದರು. ಭಾರತ ಆರಿಸಿಕೊಂಡದ್ದು ಮುಖ್ಯವಾಗಿ ಮೀಸಲಾತಿಯ ದಾರಿ. ಸೈನಿಕ ಮಂಡಳಿಗಳು ರಾಜ್ಯ, ಜಿಲ್ಲಾ ಮಟ್ಟಗಳಲ್ಲಿ ಕೆಲಸಮಾಡಿದವು. 1953ರಲ್ಲಿ ಸೇವೆಯಿಂದ ನಿವೃತ್ತರಾದ ಕೊಡಗಿನ ಜನರಲ್ ಕಾರ್ಯಪ್ಪನವರು ಮಾಜಿ ಸೈನಿಕರ ಕಷ್ಟಸುಖವನ್ನೇ ತಮ್ಮ ಎರಡನೆಯ ಕರ್ತವ್ಯವೆಂದು ಭಾವಿಸಿ, 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಸ್ಥಾಪನೆಗೆ ಕಾರಣರಾದರು.

ಇಂದು ಜಾರಿಯಲ್ಲಿರುವ ಏರ್ಪಾಡಿನ ತಳಹದಿ 1979ರ ಕೇಂದ್ರ ನಿಯಮಾವಳಿ. ಕೇಂದ್ರ ಸರ್ಕಾರದ ‘ಸಿ’ ದರ್ಜೆಯ ನೇರ ನೇಮಕಾತಿಯಲ್ಲಿ ಶೇ. 10, ‘ಡಿ’ ದರ್ಜೆಯಲ್ಲಿ ಶೇ. 20 ಹುದ್ದೆಗಳು ಮಾಜಿ ಸೈನಿಕರಿಗೆ ಎಂದು ಅದರ ಲೆಕ್ಕ. ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳಲ್ಲಿ ಅಂಗವಿಕಲರಾದ ಯೋಧರು ಮತ್ತು ಮಡಿದವರ ಅವಲಂಬಿತರ ಪಾಲೂ ಸೇರಿ ಶೇ. 14.5 ಮತ್ತು ಶೇ. 24.5. ವಯೋಮಿತಿ ಲೆಕ್ಕಹಾಕುವಾಗ ಅವರ ವಯಸ್ಸಿನಲ್ಲಿ ಸೇನೆಯ ವರ್ಷಗಳನ್ನೂ ಮೇಲೆ ಮೂರು ವರ್ಷಗಳನ್ನೂ ಕಳೆಯುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ 15 ವರ್ಷ ಸೇವೆ ಸಲ್ಲಿಸಿದವರನ್ನು ‘ಸಿ’ ದರ್ಜೆಯ ಹಲವು ಹುದ್ದೆಗಳಿಗೆ ಪದವೀಧರರ ಸಮಾನರೆಂದು ಎಣಿಸುವ ಆದೇಶವೂ ಇದೆ. ಸೈನಿಕ ದರ್ಜೆಯವರಿಗೆ ಹೊಸ ಹುದ್ದೆಯ ವೇತನ ನಿಗದಿ ಮಾಡುವಾಗ ಹಳೆಯ ನಿವೃತ್ತಿವೇತನವನ್ನು ಮುರಿದುಕೊಳ್ಳುವುದಿಲ್ಲ. ಕರ್ನಾಟಕವೂ ತನ್ನ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಸ್ಥಾನ ಕಾದಿರಿಸಿದೆ.

ಕಾಗದದ ಮೇಲೆ ಇದು ಉದಾರವಾದ ಏರ್ಪಾಡು. ಆದರೆ ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರಗಳನ್ನು ನೋಡಿದರೆ, ನಿಜವಾಗಿ ಹುದ್ದೆಯಲ್ಲಿರುವ ಮಾಜಿ ಸೈನಿಕರ ಪ್ರಮಾಣ ನಿಯಮ ಹೇಳುವುದಕ್ಕಿಂತ ಬಹಳ ಕಡಿಮೆ. ಕಾರಣಗಳು ಹಲವು. ಹದಿನೇಳು ವರ್ಷ ಪುಸ್ತಕ ಮುಟ್ಟದವನು ಇಪ್ಪತ್ತೆರಡರ ಪದವೀಧರರ ಜೊತೆ ಕುಳಿತು ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಅರ್ಹರು ಸಿಗಲಿಲ್ಲವೆಂದರೆ ಆ ಜಾಗ ಇತರರ ಪಾಲಾಗುತ್ತದೆ. ಗಡಿಯಲ್ಲಿರುವವನಿಗೆ ಅರ್ಜಿ ಕರೆದ ಸುದ್ದಿ ತಲುಪುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುವುದೂ ಉಂಟು. ಆರನೆಯ ವೇತನ ಆಯೋಗದ ಬಳಿಕ ಕೇಂದ್ರದಲ್ಲಿ ‘ಡಿ’ ದರ್ಜೆಯೇ ‘ಸಿ’ಯಲ್ಲಿ ಲೀನವಾಯಿತು. ಹೆಚ್ಚಿನ ಪಾಲು ಕಾದಿರಿಸಿದ್ದ ಬಾಗಿಲೇ ಮುಚ್ಚಿದಂತಾಯಿತು.

ಹುದ್ದೆ ಸಿಕ್ಕವರ ಮನಸ್ಸಿನ ಸ್ಥಿತಿಯನ್ನೂ ನೋಡಬೇಕು. ಇಪ್ಪತ್ತು ಜನರ ತುಕಡಿಯನ್ನು ನಡೆಸಿದ ಹವಾಲ್ದಾರನು ಕಚೇರಿಗೆ ಸೇರಿದ ದಿನ ‘ಪ್ರೊಬೇಷನರ್’ ಆಗುತ್ತಾನೆ. ಅವನಿಗಿಂತ ಹದಿನೈದು ವರ್ಷ ಚಿಕ್ಕವನು ಅವನ ಮೇಲಧಿಕಾರಿ. ಸೇನೆಯಲ್ಲಿ ಕಳೆದ ವರ್ಷಗಳು ಸಾಮಾನ್ಯವಾಗಿ ಇಲ್ಲಿ ಜ್ಯೇಷ್ಠತೆಗೆ ಬರುವುದಿಲ್ಲ. ಬಡ್ತಿಯ ಸರದಿ ಬರುವ ಹೊತ್ತಿಗೆ ಎರಡನೆಯ ನಿವೃತ್ತಿಯೂ ಹತ್ತಿರ ಬಂದಿರುತ್ತದೆ. ಆದರೂ ಹೆಚ್ಚಿನವರು ಇದನ್ನು ನುಂಗಿಕೊಳ್ಳುತ್ತಾರೆ. ‘ಸ್ಥಾನ ಹೋದರೆ ಹೋಗಲಿ, ಜಾಗ ಗಟ್ಟಿ ಇದೆ’ ಎಂಬ ಸಮಾಧಾನ ಅವರದು. ಖಾಯಂ ನೌಕರಿಗಾಗಿ ಮಾನವನ್ನು ಒಂದು ಮೆಟ್ಟಿಲು ಇಳಿಸಿಕೊಳ್ಳಲು ಅವರು ಸಿದ್ಧ. ಖಾಯಂ ಎಂಬುದೇ ಇಲ್ಲವಾದಾಗ ಮಾತ್ರ ಇಳಿದದ್ದು ಎರಡು ಮೆಟ್ಟಿಲಾಗುತ್ತದೆ.

ಕಳೆದ ಮೂವತ್ತು ವರ್ಷಗಳಲ್ಲಿ ಆಗಿರುವುದು ಇದೇ. ಕರಾವಳಿಯ ಪೇಟೆಗಳಲ್ಲಿ ಬ್ಯಾಂಕಿನ ಬಾಗಿಲ ಬಳಿ ಜೋಡುನಳಿಗೆ ಬಂದೂಕು ಹಿಡಿದು ನಿಂತ ಗನ್‌ಮ್ಯಾನ್ ಒಂದು ಕಾಲಕ್ಕೆ ಎಲ್ಲರಿಗೂ ಪರಿಚಿತ ವ್ಯಕ್ತಿ. ಚೆಕ್ಕು ಬರೆಯಲು ಬಾರದ ಅಜ್ಜಿಗೆ ಫಾರಂ ತುಂಬಿಕೊಡುತ್ತಿದ್ದವನೂ ಅವನೇ. ಅವನು ಬ್ಯಾಂಕಿನ ನೌಕರ. ಮ್ಯಾನೇಜರರಿಗೆ ಸಿಗುವ ಬೋನಸ್ಸು, ರಜೆ, ಭವಿಷ್ಯನಿಧಿ ತನ್ನ ಅಳತೆಗೆ ತಕ್ಕಂತೆ ಅವನಿಗೂ ಇತ್ತು. ಅನಂತರ ಕ್ಯಾಮೆರಾಗಳು ಬಂದವು, ಏಟಿಎಂಗಳು ಬಂದವು, ಕಾವಲಿನ ಕೆಲಸ ಏಜೆನ್ಸಿಗಳ ಕೈಗೆ ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹತ್ತಿರ ಹತ್ತಿರದ ಶಾಖೆಗಳು ಒಂದಾದಾಗ ಎರಡು ಬಾಗಿಲಿದ್ದಲ್ಲಿ ಒಂದೇ ಬಾಗಿಲು ಉಳಿಯುತ್ತದೆ.

ಏಜೆನ್ಸಿಯ ಕೆಲಸದ ರೀತಿ ಬೇರೆ. ಖಾಸಗಿ ಭದ್ರತಾ ಸಂಸ್ಥೆಗಳನ್ನು ಹತೋಟಿಯಲ್ಲಿಡಲು 2005ರಲ್ಲಿ ಕಾಯಿದೆ ಬಂದಿದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಮಾಜಿ ಸೈನಿಕರೇ ನಡೆಸುವ ಸಂಸ್ಥೆಗಳನ್ನು ಪಟ್ಟಿಮಾಡಿ ಸಾರ್ವಜನಿಕ ಉದ್ಯಮಗಳಿಗೆ ಶಿಫಾರಸು ಮಾಡುತ್ತದೆ. ಅಲ್ಲಿ ಕೂಲಿಯ ದರ ನಿಗದಿಯಾಗಿರುವುದರಿಂದ ಪರಿಸ್ಥಿತಿ ಮೇಲು. ಉಳಿದ ಕಡೆ ಹನ್ನೆರಡು ಗಂಟೆಯ ಪಾಳಿ ಸಾಮಾನ್ಯ. ಟೆಂಡರಿನ ಅವಧಿ ಮುಗಿದರೆ ಗುತ್ತಿಗೆದಾರ ಬದಲಾಗುತ್ತಾನೆ. ಗೇಟು ಅದೇ, ಕಾಯುವವನೂ ಅವನೇ ಆಗಿರಬಹುದು. ಆದರೆ ಅಂಗಿಯ ಮೇಲಿನ ಬಿಲ್ಲೆ ಬೇರೆ, ನೌಕರಿ ಮತ್ತೆ ಮೊದಲ ದಿನದಿಂದ. ಐದು ಬಾರಿ ಬಿಲ್ಲೆ ಬದಲಾದರೆ ಹತ್ತು ವರ್ಷ ದುಡಿದೂ ಗ್ರಾಚುಯಿಟಿಗೆ ಬೇಕಾದ ಐದು ವರ್ಷದ ಸತತ ಸೇವೆಯನ್ನು ಒಬ್ಬ ಮಾಲೀಕನ ಕೈಕೆಳಗೆ ತೋರಿಸಲು ಆಗದು. ಸೈನಿಕನ ಶಿಸ್ತನ್ನು ಹೊಗಳಿ ಕೆಲಸಕ್ಕೆ ಕರೆಯುವವರು ಅದೇ ಶಿಸ್ತಿನ ಲಾಭವನ್ನೂ ಪಡೆಯುತ್ತಾರೆ. ಅವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ಎದುರಾಡುವುದಿಲ್ಲ, ಸಂಘ ಕಟ್ಟುವುದಿಲ್ಲ. ಕೊಟ್ಟ ಹುಕುಂ ಪಾಲಿಸಿಯೇ ಅಭ್ಯಾಸವಾದವನಿಗೆ ತನ್ನ ಹಕ್ಕು ಕೇಳುವ ಅಭ್ಯಾಸ ಕಡಿಮೆ.

‘ಪಿಂಚಣಿ ಇದೆಯಲ್ಲ’ ಎಂಬ ಮಾತನ್ನು ಇಲ್ಲಿ ಎದುರಿಸಲೇಬೇಕು. ನೆರೆಹೊರೆಯವರು ಇದನ್ನು ಸ್ವಲ್ಪ ಅಸೂಯೆಯಿಂದಲೂ, ಮಾಲೀಕರು ಲೆಕ್ಕಾಚಾರದಿಂದಲೂ ಹೇಳುತ್ತಾರೆ. ಪಿಂಚಣಿ ಇರುವುದು ನಿಜ. 2014ರ ಜುಲೈಯಿಂದ ಅನ್ವಯವಾಗುವಂತೆ ‘ಸಮಾನ ಶ್ರೇಣಿಗೆ ಸಮಾನ ಪಿಂಚಣಿ’ ಜಾರಿಯಾದ ಮೇಲೆ ಹಳಬರ ಮತ್ತು ಹೊಸಬರ ನಡುವಣ ಅಂತರವೂ ತಗ್ಗಿದೆ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಆಸರೆಯಿದೆ. ಏನೂ ಇಲ್ಲದ ಕೂಲಿಕಾರನ ಎದುರು ಇದು ದೊಡ್ಡ ಭಾಗ್ಯವೆಂಬುದನ್ನು ಮಾಜಿ ಸೈನಿಕರೂ ಅಲ್ಲಗಳೆಯುವುದಿಲ್ಲ. ಆದರೆ ಪಿಂಚಣಿ ಮುಗಿದ ಕೆಲಸದ ಕೂಲಿ. ಈಗ ಮಾಡುವ ಕೆಲಸದ ಕೂಲಿಯನ್ನು ಅದರ ಹೆಸರು ಹೇಳಿ ಕಡಿಮೆ ಮಾಡುವುದು ನ್ಯಾಯವಲ್ಲ. ಹಾಗೆ ಕಡಿಮೆ ಕೂಲಿಗೆ ಒಪ್ಪುವ ಪಿಂಚಣಿದಾರ, ಪಿಂಚಣಿಯಿಲ್ಲದ ಪಕ್ಕದ ಮನೆಯ ಹುಡುಗನ ಕೂಲಿಯನ್ನೂ ತಿಳಿಯದೆಯೇ ಇಳಿಸುತ್ತಾನೆ. ಎರಡನೆಯ ನೌಕರಿಯ ಸ್ವರೂಪವೂ ಮೊದಲಿನಂತಿಲ್ಲ. 2004ರ ಜನವರಿಯಿಂದ ಕೇಂದ್ರದಲ್ಲಿ, 2006ರ ಏಪ್ರಿಲಿನಿಂದ ಕರ್ನಾಟಕದಲ್ಲಿ ನೇಮಕವಾದ ನಾಗರಿಕ ನೌಕರರು ಹೊಸ ಪಿಂಚಣಿ ಪದ್ಧತಿಗೆ ಬಂದರು. ಸೇನೆಗೆ ಅದು ಅನ್ವಯಿಸಲಿಲ್ಲ. ಹೀಗಾಗಿ ಒಬ್ಬನೇ ಮನುಷ್ಯ ಮೊದಲ ನೌಕರಿಯಲ್ಲಿ ಹಳೆಯ ಕಾಲದವನು, ಎರಡನೆಯದರಲ್ಲಿ ಹೊಸ ಕಾಲದವನು.

ಕಾರವಾರ ಅಂಕೋಲೆಗಳಲ್ಲಿ ಈ ಪ್ರಶ್ನೆಗೆ ಬೇರೆಲ್ಲೂ ಇಲ್ಲದ ಒಂದು ಮುಖವಿದೆ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾದ ಸುತ್ತಮುತ್ತ ಎರಡೂ ತಾಲೂಕುಗಳ ಹದಿಮೂರು ಹಳ್ಳಿಗಳ ಸುಮಾರು 11 ಸಾವಿರ ಎಕರೆ ನೆಲ ಹೋಯಿತು, 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನಿರಾಶ್ರಿತರು ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರು. ಮನೆಗೊಂದು ನೌಕರಿ ಬೇಕೆಂಬ ಅವರ ಕೂಗು ಇನ್ನೂ ನಿಂತಿಲ್ಲ. ನೌಕಾನೆಲೆಯ ನಾಗರಿಕ ಹುದ್ದೆಗಳಿಗೆ ಅರ್ಜಿ ಕರೆದಾಗ ಎರಡು ಬಗೆಯ ಜನ ಒಂದೇ ಸಾಲಿನಲ್ಲಿ ಸೇರುತ್ತಾರೆ. ಒಬ್ಬರು ದೇಶದ ರಕ್ಷಣೆಗೆ ನೆಲ ಕೊಟ್ಟವರ ಮಕ್ಕಳು, ಇನ್ನೊಬ್ಬರು ಅದೇ ರಕ್ಷಣೆಗೆ ಪ್ರಾಯ ಕೊಟ್ಟವರು. ಎಷ್ಟೋ ಮನೆಗಳಲ್ಲಿ ಇವರಿಬ್ಬರೂ ಅಣ್ಣ ತಮ್ಮಂದಿರು. ಇವರನ್ನು ಪರಸ್ಪರ ಪೈಪೋಟಿಗೆ ನಿಲ್ಲಿಸುವುದು ಸುಲಭ. ಆದರೆ ಇಬ್ಬರ ಅಹವಾಲೂ ಒಂದೇ. ‘ಕೊಟ್ಟದ್ದು ಶಾಶ್ವತವಾಗಿ ಕೊಟ್ಟೆವು. ಪಡೆಯುವುದು ಮಾತ್ರ ಹನ್ನೊಂದು ತಿಂಗಳ ಕರಾರಿನ ಮೇಲೆ ಏಕೆ?’

ನೌಕಾನೆಲೆಯ ನೆರೆಯಲ್ಲೇ ಚೆಂಡಿಯಾ ಊರಿದೆ. 1918ರಲ್ಲಿ ಹುಟ್ಟಿದ ಆ ಊರಿನ ರಾಮ ರಾಘೋಬ ರಾಣೆ 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿ ಬರ್ಮಾದ ರಣರಂಗ ಕಂಡವರು. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ, ಗಾಯಗೊಂಡಿದ್ದರೂ ಬಿಡದೆ, ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು, ಅಡ್ಡಬಿದ್ದ ಮರಗಳನ್ನು ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ 1994ರಲ್ಲಿ ತೀರಿಕೊಂಡರು. 2006ರಲ್ಲಿ ಕಾರವಾರದ ಟಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ನಿಂತಿತು. ಪಕ್ಕದಲ್ಲೇ, ಸೇವೆ ಮುಗಿಸಿದ ಐಎನ್‌ಎಸ್ ಚಪಲ್ ನೌಕೆಯನ್ನು ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳು ಅದನ್ನು ಹತ್ತಿ ನೋಡುತ್ತಾರೆ. ಅಂಥ ನೌಕೆಯ ಯಂತ್ರವನ್ನು ನಡೆಸಿದ ನಾವಿಕ ಊರಿಗೆ ಬಂದಾಗ ಅವನ ಕೈಯ ವಿದ್ಯೆಗೆ ಅಷ್ಟೇ ಖಚಿತವಾದ ಜಾಗ ಇದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ರಾಣೆಯವರ ಕೆಲಸವನ್ನೇ ಗಮನಿಸಿ. ಅದು ರಸ್ತೆ ಕಟ್ಟುವ ಕೆಲಸ. ಸೇನೆಯಲ್ಲಿ ಬಂದೂಕು ಹಿಡಿಯುವವರಷ್ಟೇ ಇಲ್ಲ. ವಾಹನ ರಿಪೇರಿಯವರು, ರೇಡಿಯೊ ತಂತ್ರಜ್ಞರು, ಶುಶ್ರೂಷಕರು, ಸೇತುವೆ ಕಟ್ಟುವವರು, ಎಂಜಿನ್ ನಡೆಸುವವರು ಇದ್ದಾರೆ. ಊರಿಗೆ ಬಂದಾಗ ಇವರೆಲ್ಲರ ಮುಂದೆ ತೆರೆಯುವುದು ಮಾತ್ರ ಒಂದೇ ಗೇಟು, ಅದೂ ಕಾವಲಿನ ಗೇಟು. ಈ ಕರಾವಳಿಯಲ್ಲಿ ಬೈತಕೋಲ, ಬೇಲೆಕೇರಿಗಳ ಮೀನುಗಾರಿಕೆ ಬಂದರುಗಳಿವೆ. ಕೈಗಾದ ಅಣುಸ್ಥಾವರ, ಕೊಂಕಣ ರೈಲ್ವೆ ಇವೆ. ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆ 1999ರಲ್ಲಿ ಹುಟ್ಟಿ, 2008ರ ಮುಂಬಯಿ ದಾಳಿಯ ಬಳಿಕ ಬಲಗೊಂಡಿತು. ಬೇಲೆಕೇರಿಯಲ್ಲಿ ಅದರ ಠಾಣೆಯಿದೆ. ಆ ಪಡೆಯ ಬೋಟುಗಳನ್ನು ನಡೆಸಲು ನೌಕಾಪಡೆಯಿಂದ ನಿವೃತ್ತರಾದವರು ಬೇಕೇ ಬೇಕು, ಅಂಥವರನ್ನು ತೆಗೆದುಕೊಂಡದ್ದೂ ಇದೆ. ಆದರೆ ಗುತ್ತಿಗೆಯ ಮೇಲೆ. ಅದೇ ಕಡಲು, ಅದೇ ಎಂಜಿನ್, ಅದೇ ಕಾವಲು. ಬದಲಾದದ್ದು ನೌಕರಿಯ ಕಾಗದ ಮಾತ್ರ.

ಸ್ವಂತ ಉದ್ಯಮದ ದಾರಿ ಹಿಡಿದು ಗೆದ್ದವರಿಲ್ಲವೆಂದಲ್ಲ. ಸೇನೆಯನ್ನು ಬೇಗ ತೊರೆದು ಹಾಸನ ಜಿಲ್ಲೆಯಲ್ಲಿ ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಧಿಕಾರಿಯೊಬ್ಬರ ಸಾಹಸವನ್ನು ಹತ್ತು ಗುಂಟೆಯ ಸಿಪಾಯಿಗೆ ದಾರಿದೀಪವೆಂದು ತೋರಿಸಿ ಸುಮ್ಮನಾಗುವುದು ಸರಿಯಲ್ಲ. ಅಪಾಯವನ್ನು ಎದುರಿಸಲು ಅವನಿಗೆ ಧೈರ್ಯದ ಕೊರತೆಯಿಲ್ಲ. ಬಂಡವಾಳದ ಕೊರತೆಯಿದೆ, ಸೋತರೆ ಮರಳಲು ನೆಲದ ಕೊರತೆಯಿದೆ.

ಇಷ್ಟರ ಮೇಲೆ ಹೊಸದೊಂದು ಅಧ್ಯಾಯ ತೆರೆದಿದೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರುವ ಯುವಕರ ಸೇವೆ ನಾಲ್ಕು ವರ್ಷ. ಅವರಲ್ಲಿ ನಾಲ್ಕನೆಯ ಒಂದು ಪಾಲಿನವರೆಗೆ ಮಾತ್ರ ಮುಂದುವರಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಂದಿಗೆ ಮರಳಬೇಕು. ಪಿಂಚಣಿಯಿಲ್ಲ, ಆಗ ಪ್ರಕಟವಾದ ಷರತ್ತುಗಳಂತೆ ‘ಮಾಜಿ ಸೈನಿಕ’ ಎಂಬ ಸ್ಥಾನಮಾನವೂ ಇಲ್ಲ. ಅರೆಸೇನಾ ಪಡೆಗಳಲ್ಲಿ, ರಕ್ಷಣಾ ಇಲಾಖೆಯ ಹುದ್ದೆಗಳಲ್ಲಿ ಅವರಿಗೆ ಮೀಸಲಾತಿ ಘೋಷಿಸಿದ್ದಾರೆ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ, 2027ರ ಆರಂಭಕ್ಕೆ. ಮೂವತ್ತೆಂಟರಲ್ಲಿ ಅರ್ಧ ಸಂಬಳದ ಆಸರೆಯೊಂದಿಗೆ ಹುಟ್ಟುವ ಆತಂಕ ಇನ್ನು ಇಪ್ಪತ್ತೈದಕ್ಕಿಂತ ಮೊದಲೇ, ಆ ಆಸರೆಯಿಲ್ಲದೆ ಹುಟ್ಟಲಿದೆ. ವಯಸ್ಸು ಚಿಕ್ಕದು, ಮತ್ತೆ ಓದಬಹುದು, ಕೈಯಲ್ಲಿ ಹಣವಿರುತ್ತದೆ ಎಂಬ ವಾದಕ್ಕೂ ಹುರುಳಿದೆ. ಆದರೆ ಹಣ ಕರಗುವ ವಸ್ತು.

ಇಲ್ಲಿ ಒಂದು ಹಳೆಯ ಉದಾಹರಣೆ ನೆರವಿಗೆ ಬರುತ್ತದೆ. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ತುರ್ತಾಗಿ ನೇಮಿಸಿದ ಅಲ್ಪಾವಧಿಯ ಅಧಿಕಾರಿಗಳನ್ನು ಕೆಲವೇ ವರ್ಷಗಳಲ್ಲಿ ಬಿಡುಗಡೆ ಮಾಡಬೇಕಾಯಿತು. ಆಗ ಸರ್ಕಾರ ಅಖಿಲ ಭಾರತ ಸೇವೆಗಳೂ ಸೇರಿ ನಾಗರಿಕ ಹುದ್ದೆಗಳಲ್ಲಿ ಅವರಿಗೆ ಸ್ಥಾನ ಕಾದಿರಿಸಿತು. ಸೇನೆಯಲ್ಲಿ ಕಳೆದ ವರ್ಷಗಳನ್ನು ಜ್ಯೇಷ್ಠತೆಗೂ ಲೆಕ್ಕ ಹಿಡಿಯಿತು. ಅಧಿಕಾರಿಗಳಿಗೆ ಆದದ್ದು ಸಿಪಾಯಿಗೆ ಆಗಬಾರದೆಂದೇನೂ ಇಲ್ಲ.

ಮಾಡಬಹುದಾದ ಕೆಲಸಗಳು ಕೈಗೆಟುಕದಷ್ಟು ದೂರದವಲ್ಲ. ಗುತ್ತಿಗೆದಾರ ಬದಲಾದರೂ ಇರುವ ಕಾವಲುಗಾರರನ್ನೇ ಹಳೆಯ ಸೇವೆಯ ಸಮೇತ ಮುಂದುವರಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಬಹುದು. ನೇಮಕದ ಪತ್ರ, ಭವಿಷ್ಯನಿಧಿ, ಇಎಸ್‌ಐ ಇಲ್ಲದ ಕೆಲಸಕ್ಕೆ ಸೇರಬಾರದೆಂದು ಮಾಜಿ ಸೈನಿಕರ ಸಂಘಗಳು ತಮ್ಮವರಿಗೆ ಹೇಳಬಹುದು. ಜೊತೆಯಲ್ಲೇ ದುಡಿಯುವ ಪಿಂಚಣಿಯಿಲ್ಲದ ಹುಡುಗನನ್ನೂ ಆ ಮಾತಿನಲ್ಲಿ ಸೇರಿಸಿಕೊಳ್ಳಬಹುದು. ಸೇವೆಯ ಕೊನೆಯ ವರ್ಷಗಳಲ್ಲಿ ಡಿಜಿಆರ್ ನಡೆಸುವ ತರಬೇತಿಗಳನ್ನು ಊರಿನ ಅಗತ್ಯಕ್ಕೆ ಹೊಂದಿಸಿಕೊಂಡು ಆರಿಸಿಕೊಳ್ಳಬಹುದು. ಮೀಸಲು ಹುದ್ದೆಗೆ ಒಮ್ಮೆ ಸೇರಿದರೆ ಮತ್ತೆ ಆ ಸೌಲಭ್ಯ ಸಾಮಾನ್ಯವಾಗಿ ಸಿಗದು, ಗುತ್ತಿಗೆ ಅಥವಾ ಖಾಸಗಿ ಕೆಲಸ ಮಾಡಿದ್ದರಿಂದ ಆ ಹಕ್ಕು ಹೋಗದು ಎಂಬಂಥ ಸಣ್ಣ ವಿವರಗಳನ್ನು ರಜೆಯಲ್ಲಿ ಬಂದ ಮಗನಿಗೆ ಮನೆಯವರೇ ತಿಳಿಸಬಹುದು. 2012ರ ಸೆಪ್ಟೆಂಬರಿನಿಂದ ಅನ್ವಯವಾಗುವಂತೆ ಸೇನೆಯ ಮತ್ತು ನಾಗರಿಕ ಸೇವೆಯ ಎರಡೂ ಕುಟುಂಬ ಪಿಂಚಣಿಗಳನ್ನು ಪಡೆಯಲು ಅವಕಾಶವಿದೆ ಎಂಬುದನ್ನು ಹೆಣ್ಣುಮಕ್ಕಳು ಮುಖ್ಯವಾಗಿ ತಿಳಿದಿರಬೇಕು.

ಬಾಳ್ಗಳ್ಚು ಕೊಟ್ಟ ಕಾಲದಲ್ಲಿ ಕೊಟ್ಟ ಮಾತನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಅಳಿಸಿದವನಿಗೆ ಪಾಪ ಎಂದು ಕೊನೆಯಲ್ಲಿ ಬರೆಸುತ್ತಿದ್ದರು. ಅನಂತರ ಅದೇ ಮಾತು ಗೆಜೆಟ್ಟಿನ ಕಾಗದಕ್ಕೆ ಬಂತು, ಈಗ ವರ್ಷಕ್ಕೊಮ್ಮೆ ಹೊಸದಾಗುವ ಕರಾರಿಗೆ ಬಂದಿದೆ. ಮಾತು ಬರೆಯುವ ವಸ್ತು ಹಗುರವಾದಂತೆ ಮಾತೂ ಹಗುರವಾಗಬಾರದು. ಮಾಜಿ ಸೈನಿಕ ಕೇಳುತ್ತಿರುವುದು ಹೆಚ್ಚಿನ ಗೌರವವನ್ನಲ್ಲ. ಸ್ವಾತಂತ್ರ್ಯೋತ್ಸವದ ದಿನ ಶಾಲು ಹೊದಿಸುವವರು ಊರೂರಲ್ಲಿದ್ದಾರೆ. ಆಗಸ್ಟ್ 16ರ ಬೆಳಿಗ್ಗೆ ಹೋಗಲು ಒಂದು ಕೆಲಸ, ಮುಂದಿನ ಆಗಸ್ಟಿನಲ್ಲೂ ಅದೇ ಕೆಲಸ ಇರುತ್ತದೆಂಬ ನಂಬಿಕೆ, ಇಷ್ಟೇ ಅವನ ಬೇಡಿಕೆ. ಗಡಿ ಕಾಯುವಾಗ ದೇಶ ಅವನನ್ನು ನಂಬಿ ನಿಶ್ಚಿಂತೆಯಿಂದ ಮಲಗಿತ್ತು. ಊರಿಗೆ ಬಂದವನೂ ಹಾಗೆಯೇ ಮಲಗುವಂತಾಗಬೇಕು.